ಬಲಿಷ್ಠರು ಸೋತಾಗ ಅಭಿಮಾನಿಯ ಲೆಕ್ಕ

ಕ್ರೀಡಾಭಿಮಾನಿಗಳ ಪಾಲಿಗೆ ಎಲ್ಲ ಸೋಲುಗಳೂ ಒಂದೇ ತೂಕದವಲ್ಲ. ತಮ್ಮ ತಂಡಕ್ಕಿಂತ ಬಲಿಷ್ಠರೆನಿಸಿಕೊಂಡವರ ಎದುರು ಸೋತಾಗ ಅದಕ್ಕೆ ಮನಸ್ಸು ಮೊದಲೇ ಸಿದ್ಧವಾಗಿರುವುದರಿಂದ ಬೇಗ ಸುಧಾರಿಸಿಕೊಳ್ಳುತ್ತಾರೆ. ಸಮಬಲದವರ ಎದುರು ಕೂದಲೆಳೆಯಲ್ಲಿ ಕೈತಪ್ಪಿದ ಪಂದ್ಯವನ್ನು ನಾಲ್ಕು ದಿನ ಮೆಲುಕು ಹಾಕಿ, ಆಟವೆಂದ ಮೇಲೆ ಇದೆಲ್ಲ ಇದ್ದದ್ದೇ ಎಂದು ಬಿಟ್ಟುಬಿಡುತ್ತಾರೆ. ಆದರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ, ಹೆಸರನ್ನೇ ಸರಿಯಾಗಿ ಕೇಳಿರದ ತಂಡವೊಂದು ತಮ್ಮವರನ್ನು ಮಣಿಸಿದಾಗ ಉಂಟಾಗುವ ನೋವು ಬೇರೆಯೇ ಜಾತಿಯದು. ಅದರಲ್ಲಿ ದುಃಖದ ಜೊತೆಗೆ ಅವಮಾನವೂ, ಅವಮಾನದ ಜೊತೆಗೆ ಏನೋ ಮೋಸವಾಗಿದೆ ಎಂಬ ಅಸ್ಪಷ್ಟ ಸಿಟ್ಟೂ ಬೆರೆತಿರುತ್ತವೆ. ಈ ಮೂರನೆಯ ಬಗೆಯ ಸೋಲನ್ನು ಅರ್ಥಮಾಡಿಕೊಳ್ಳಲು ಬ್ಯಾಸ್ಕೆಟ್‌ಬಾಲ್ ಇತಿಹಾಸದಲ್ಲಿ 2018ರ ಮಾರ್ಚ್ 16ರ ಪಂದ್ಯಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಅಮೆರಿಕದ ಕಾಲೇಜು ಟೂರ್ನಿಯಲ್ಲಿ ಎಲ್ಲರಿಗಿಂತ ಮೇಲಿನ ಸ್ಥಾನ ಪಡೆದಿದ್ದ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡ, ಯುಎಂಬಿಸಿ ಎಂಬ ಸಂಕ್ಷಿಪ್ತ ಹೆಸರಿನ ಬಾಲ್ಟಿಮೋರ್ ಪ್ರದೇಶದ ವಿಶ್ವವಿದ್ಯಾಲಯದ ಎದುರು ಅಂದು 54–74ರಿಂದ ಸೋತಿತು.

ಶ್ರೇಯಾಂಕವೆಂಬ ಭರವಸೆ

ಎನ್‌ಸಿಎಎ ಎಂಬುದು ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಮುಖ್ಯ ಸಂಸ್ಥೆ. ಪ್ರತಿವರ್ಷ ಮಾರ್ಚ್ ತಿಂಗಳಲ್ಲಿ ಅದು ಆರಂಭಿಸುವ ಪುರುಷರ ಬ್ಯಾಸ್ಕೆಟ್‌ಬಾಲ್ ಟೂರ್ನಿಯನ್ನು ಅಲ್ಲಿನ ಜನ ‘ಮಾರ್ಚ್ ಮ್ಯಾಡ್‌ನೆಸ್’ ಎಂದು ಕರೆಯುತ್ತಾರೆ. ಒಟ್ಟು 68 ತಂಡಗಳು ಪ್ರವೇಶ ಪಡೆದು, ಮೊದಲ ಕೆಲವು ಅರ್ಹತಾ ಪಂದ್ಯಗಳ ನಂತರ 64 ತಂಡಗಳು ನಾಲ್ಕು ವಿಭಾಗಗಳಲ್ಲಿ ಹಂಚಿಕೆಯಾಗುತ್ತವೆ. ಪ್ರತಿ ವಿಭಾಗದಲ್ಲೂ ತಂಡಗಳಿಗೆ 1ರಿಂದ 16ರವರೆಗೆ ಶ್ರೇಯಾಂಕ ನೀಡಲಾಗುತ್ತದೆ ಮತ್ತು ಮೊದಲ ಶ್ರೇಯಾಂಕದ ತಂಡ ಹದಿನಾರನೆಯದರ ವಿರುದ್ಧ, ಎರಡನೆಯದು ಹದಿನೈದನೆಯದರ ವಿರುದ್ಧ ಎಂಬ ಕ್ರಮದಲ್ಲಿ ಆಟ ಆರಂಭವಾಗುತ್ತದೆ. ಇಡೀ ಋತುವಿನ ಸಾಧನೆಯನ್ನು ನೋಡಿ ಒಂದು ಸಮಿತಿ ಈ ಶ್ರೇಯಾಂಕಗಳನ್ನು ನಿರ್ಧರಿಸುವುದರಿಂದ ಅಭಿಮಾನಿಗಳ ಕಣ್ಣಿಗೆ ಅವು ಕೇವಲ ಅಂದಾಜುಗಳಾಗಿ ಉಳಿಯದೆ, ಮೇಲಿನವರು ಗೆಲ್ಲುತ್ತಾರೆ ಎಂಬ ಮುದ್ರೆಯೊತ್ತಿದ ಭರವಸೆಗಳಾಗಿ ಕಾಣುತ್ತವೆ. ಸೋತ ತಂಡ ಅಲ್ಲಿಗೇ ಮನೆಗೆ ಹೋಗಬೇಕಾದ ನಾಕೌಟ್ ಪದ್ಧತಿ ಇದಾಗಿದ್ದು, ತಪ್ಪು ತಿದ್ದಿಕೊಳ್ಳಲು ಎರಡನೆಯ ಅವಕಾಶವೇ ಇಲ್ಲ.

ಟೂರ್ನಿ 64 ತಂಡಗಳಿಗೆ ವಿಸ್ತರಿಸಿದ 1985ರಿಂದ 2018ರ ಆ ರಾತ್ರಿಯವರೆಗೆ ಒಂದನೆಯ ಮತ್ತು ಹದಿನಾರನೆಯ ಶ್ರೇಯಾಂಕದ ತಂಡಗಳ ನಡುವೆ 135 ಪಂದ್ಯಗಳು ನಡೆದಿದ್ದವು ಮತ್ತು ಅಷ್ಟನ್ನೂ ಒಂದನೆಯ ಶ್ರೇಯಾಂಕದವರೇ ಗೆದ್ದಿದ್ದರು. ಹಿಂದೆಂದೂ ಆಗಿಲ್ಲದ್ದು ಮುಂದೆಂದೂ ಆಗದು ಎಂದು ನಂಬುವುದು ಮನುಷ್ಯನ ಸಹಜ ಸ್ವಭಾವ. ಆದರೆ ಸಂಭವನೀಯತೆಯ ಗಣಿತ ಇದನ್ನು ಒಪ್ಪುವುದಿಲ್ಲ. ಇಂಥ ಪ್ರತಿ ಪಂದ್ಯದಲ್ಲೂ ಬಲಿಷ್ಠ ತಂಡ ಗೆಲ್ಲುವ ಸಂಭವ ನೂರಕ್ಕೆ 99 ಎಂದಿಟ್ಟುಕೊಂಡರೂ, 136 ಪಂದ್ಯಗಳಲ್ಲಿ ಕನಿಷ್ಠ ಒಂದರಲ್ಲಾದರೂ ದುರ್ಬಲರು ಗೆಲ್ಲುವ ಸಂಭವ ನೂರಕ್ಕೆ ಸುಮಾರು 75ರಷ್ಟಾಗುತ್ತದೆ. ಅಂದರೆ ಯಾವುದೋ ಒಂದು ವರ್ಷ, ಯಾವುದೋ ಒಂದು ತಂಡದ ಅಭಿಮಾನಿಗಳಿಗೆ ಈ ಗತಿ ಕಾದೇ ಇತ್ತು. ಅದು ಯಾರ ಪಾಲಿಗೆ ಬರುತ್ತದೆ ಎಂಬುದಷ್ಟೇ ಗೊತ್ತಿರಲಿಲ್ಲ.

ಅದು ವರ್ಜೀನಿಯಾದ ಪಾಲಿಗೆ ಬಂದದ್ದು ವಿಪರ್ಯಾಸ, ಏಕೆಂದರೆ ಆ ಋತುವಿನಲ್ಲಿ ಅಷ್ಟು ನಂಬಿಕಸ್ಥ ತಂಡ ಇನ್ನೊಂದಿರಲಿಲ್ಲ. ಋತು ಆರಂಭವಾಗುವ ಮೊದಲು ಪತ್ರಕರ್ತರು ಸಿದ್ಧಪಡಿಸುವ ಅಗ್ರ 25 ತಂಡಗಳ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲವಾದರೂ, ತರಬೇತುದಾರ ಟೋನಿ ಬೆನೆಟ್ ಅವರ ಹುಡುಗರು ಒಂದೊಂದೇ ಪಂದ್ಯ ಗೆಲ್ಲುತ್ತಾ ದೇಶದ ಅಗ್ರಸ್ಥಾನಕ್ಕೇರಿದರು. ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಎಂಬ, ಡ್ಯೂಕ್ ಮತ್ತು ನಾರ್ತ್ ಕೆರೊಲಿನಾದಂಥ ಘಟಾನುಘಟಿಗಳಿರುವ ಒಕ್ಕೂಟದಲ್ಲಿ 18 ಪಂದ್ಯಗಳ ಪೈಕಿ 17ನ್ನು ಗೆದ್ದು, ಆ ಒಕ್ಕೂಟದ ಟೂರ್ನಿಯನ್ನೂ ತಮ್ಮದಾಗಿಸಿಕೊಂಡರು. ಎನ್‌ಸಿಎಎ ಟೂರ್ನಿಗೆ ಬರುವಾಗ ಅವರ ಲೆಕ್ಕ 31 ಗೆಲುವು, 2 ಸೋಲು.

ಎದುರಾಳಿ ಯುಎಂಬಿಸಿಯ ಕಥೆ ಇದಕ್ಕೆ ತದ್ವಿರುದ್ಧ. 1966ರಲ್ಲಿ ಆರಂಭವಾದ ಈ ವಿಶ್ವವಿದ್ಯಾಲಯದ ಹೆಸರು ಅಮೆರಿಕದಲ್ಲಿ ಕೇಳಿಬರುತ್ತಿದ್ದದ್ದು ಅದರ ಚೆಸ್ ತಂಡದಿಂದ ಮತ್ತು ಕಪ್ಪು ಜನಾಂಗದ ಯುವಕ ಯುವತಿಯರನ್ನು ವಿಜ್ಞಾನಿಗಳನ್ನಾಗಿ ರೂಪಿಸುವ ಅದರ ಮೈಯರ್‌ಹಾಫ್ ವಿದ್ಯಾರ್ಥಿವೇತನ ಯೋಜನೆಯಿಂದಲೇ ಹೊರತು ಬ್ಯಾಸ್ಕೆಟ್‌ಬಾಲ್‌ನಿಂದ ಅಲ್ಲ. 2018ರ ಜನವರಿಯಲ್ಲಿ ಈ ತಂಡ ಆಲ್ಬನಿಯ ಎದುರು 39–83ರಿಂದ, ಅಂದರೆ 44 ಅಂಕಗಳ ಅಂತರದಿಂದ ಸೋತಿತ್ತು. ಸತತ 23 ಬಾರಿ ತನ್ನನ್ನು ಸೋಲಿಸಿದ್ದ ವರ್ಮಾಂಟ್ ತಂಡವನ್ನು ಅದರ ಸ್ವಂತ ಅಂಗಳದಲ್ಲೇ, ಜೈರಸ್ ಲೈಲ್ಸ್ ಕೊನೆಯ ಕ್ಷಣದಲ್ಲಿ ಹಾಕಿದ ಮೂರಂಕದ ಎಸೆತದಿಂದ 65–62ರಲ್ಲಿ ಮಣಿಸಿ ಅದು ಟೂರ್ನಿಗೆ ಅರ್ಹತೆ ಗಳಿಸಿತ್ತು. ತಂಡದ ಆಟವನ್ನು ಕಟ್ಟುವ ಹೊಣೆ ಹೊತ್ತ ಪಾಯಿಂಟ್ ಗಾರ್ಡ್ ಕೆ.ಜೆ. ಮೌರಾ ಅವರ ಎತ್ತರ 5 ಅಡಿ 8 ಅಂಗುಲ, ತೂಕ ಸುಮಾರು 64 ಕಿಲೋ. ಆರೂವರೆ ಅಡಿಯವರು ಸಾಮಾನ್ಯರೆನಿಸಿಕೊಳ್ಳುವ ಆಟದಲ್ಲಿ ಈ ಅಳತೆಯೇ ಇಡೀ ತಂಡದ ಸ್ಥಿತಿಯನ್ನು ಹೇಳುವಂತಿತ್ತು. ಬಾಜಿ ಕಟ್ಟುವವರ ಲೆಕ್ಕಾಚಾರದಲ್ಲಿ ವರ್ಜೀನಿಯಾ 20ಕ್ಕೂ ಹೆಚ್ಚು ಅಂಕಗಳಿಂದ ಗೆಲ್ಲಬೇಕಿತ್ತು. ಅಂತರದ ವಿಷಯದಲ್ಲಿ ಅವರ ಅಂದಾಜು ಬಹುತೇಕ ನಿಜವಾಯಿತು, ದಿಕ್ಕು ಮಾತ್ರ ತಿರುಗಿತು.

ಇಪ್ಪತ್ತು ನಿಮಿಷಗಳಲ್ಲಿ ಐವತ್ತಮೂರು ಅಂಕ

ಷಾರ್ಲಟ್ ನಗರದ ಸ್ಪೆಕ್ಟ್ರಮ್ ಸೆಂಟರ್‌ನಲ್ಲಿ ನಡೆದ ಪಂದ್ಯದ ಮೊದಲಾರ್ಧ 21–21ರ ಸಮಬಲದಲ್ಲಿ ಮುಗಿದಾಗ ವರ್ಜೀನಿಯಾದ ಬೆಂಬಲಿಗರಲ್ಲಿ ಕಸಿವಿಸಿ ಇತ್ತಾದರೂ ಗಾಬರಿ ಇರಲಿಲ್ಲ, ಏಕೆಂದರೆ ಕಡಿಮೆ ಅಂಕಗಳ ಬಿಗಿ ಆಟವೇ ಅವರ ತಂಡದ ಶೈಲಿಯಾಗಿತ್ತು. ದ್ವಿತೀಯಾರ್ಧದ ಮೊದಲ ಕೆಲವೇ ನಿಮಿಷಗಳಲ್ಲಿ ಯುಎಂಬಿಸಿ ಎರಡಂಕಿಯ ಮುನ್ನಡೆ ಪಡೆದುಕೊಂಡಿತು ಮತ್ತು ಆನಂತರ ಅದು ಕೈಬಿಡಲೇ ಇಲ್ಲ. ಲೈಲ್ಸ್ 11 ಎಸೆತಗಳ ಪೈಕಿ 9ನ್ನು ಬುಟ್ಟಿಗೆ ಹಾಕಿ ಒಟ್ಟು 28 ಅಂಕ ಗಳಿಸಿದರು. ಅದರಲ್ಲಿ 23 ಬಂದದ್ದು ವಿರಾಮದ ನಂತರವೇ. ಆ ಋತುವಿನಲ್ಲಿ ವರ್ಜೀನಿಯಾ ಒಂದಿಡೀ ಪಂದ್ಯದಲ್ಲಿ ಎದುರಾಳಿಗೆ ಬಿಟ್ಟುಕೊಡುತ್ತಿದ್ದ ಸರಾಸರಿ ಅಂಕಗಳು 53ರ ಆಸುಪಾಸಿನಲ್ಲಿದ್ದವು. ಅಂದು ಯುಎಂಬಿಸಿ ದ್ವಿತೀಯಾರ್ಧ ಒಂದರಲ್ಲೇ 53 ಅಂಕ ಗಳಿಸಿತು. ನಲವತ್ತು ನಿಮಿಷದ ಕೆಲಸ ಇಪ್ಪತ್ತೇ ನಿಮಿಷದಲ್ಲಿ ಮುಗಿದಿತ್ತು.

ಸೋಲಿನ ನಂತರ ಇದಕ್ಕೆಲ್ಲ ಕಾರಣ ಹುಡುಕುವವರು ಸಾಮಾನ್ಯವಾಗಿ ಆಟಗಾರರ ಎದೆಗಾರಿಕೆ, ಒತ್ತಡ, ಅತಿಯಾದ ಆತ್ಮವಿಶ್ವಾಸ ಮುಂತಾದ ಅಳತೆಗೆ ಸಿಗದ ಸಂಗತಿಗಳಿಗೆ ಮೊರೆಹೋಗುತ್ತಾರೆ. ಆದರೆ ಈ ಪಂದ್ಯದ ಅಂಕಪಟ್ಟಿಯಲ್ಲೇ ಬಹುಪಾಲು ಉತ್ತರವಿದೆ. ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಬುಟ್ಟಿಯನ್ನು ಸುತ್ತುವರಿದು ಒಂದು ಕಮಾನು ಗೆರೆ ಇರುತ್ತದೆ. ಅದರ ಒಳಗಿನಿಂದ ಹಾಕಿದ ಬುಟ್ಟಿಗೆ ಎರಡು ಅಂಕ, ಹೊರಗಿನಿಂದ ಹಾಕಿದ್ದಕ್ಕೆ ಮೂರು. ಗೆರೆಯ ಹೊರಗಿನಿಂದ ಯುಎಂಬಿಸಿ 24 ಎಸೆತಗಳಲ್ಲಿ 12ನ್ನು ಗುರಿ ಮುಟ್ಟಿಸಿತು, ವರ್ಜೀನಿಯಾ 22ರಲ್ಲಿ ಕೇವಲ 4ನ್ನು. ಅಂದರೆ ದೂರದ ಎಸೆತಗಳಿಂದಲೇ ಒಂದು ಕಡೆ 36 ಅಂಕ, ಇನ್ನೊಂದು ಕಡೆ 12, ವ್ಯತ್ಯಾಸ 24. ಪಂದ್ಯದ ಒಟ್ಟು ಅಂತರ 20 ಅಂಕ. ಮೂರಂಕದ ಎಸೆತಗಳನ್ನು ಬದಿಗಿಟ್ಟು ಉಳಿದುದನ್ನಷ್ಟೇ ಕೂಡಿಸಿದರೆ ವರ್ಜೀನಿಯಾ 42, ಯುಎಂಬಿಸಿ 38 ಎಂಬ ಅಚ್ಚರಿಯ ಲೆಕ್ಕ ಸಿಗುತ್ತದೆ.

ಗೆರೆಯ ಹೊರಗಿನ ಅದೃಷ್ಟ, ಒಳಗಿನ ಆಯ್ಕೆ

ಇಲ್ಲಿ ಅಭಿಮಾನಿಗಳು ಎರಡು ಗುಂಪುಗಳಾಗಿ ಒಡೆಯುತ್ತಾರೆ. ಎಲ್ಲವೂ ದುರದೃಷ್ಟ ಎನ್ನುವವರು ಒಂದು ಕಡೆ, ಎಲ್ಲವೂ ತರಬೇತುದಾರನ ತಪ್ಪು ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ.

ಮೊದಲು ಅದೃಷ್ಟದ ವಾದವನ್ನು ನೋಡಬಹುದು. ಸಾಧಾರಣವಾಗಿ ನೂರಕ್ಕೆ 35 ದೂರದ ಎಸೆತಗಳನ್ನು ಗುರಿ ಮುಟ್ಟಿಸುವ ತಂಡವೊಂದು 24ರಲ್ಲಿ 12 ಅಥವಾ ಅದಕ್ಕಿಂತ ಹೆಚ್ಚನ್ನು ಹಾಕುವ ಸಂಭವ ಸುಮಾರು ಹತ್ತರಲ್ಲಿ ಒಂದು. ಅದೇ ಸಾಮರ್ಥ್ಯದ ಇನ್ನೊಂದು ತಂಡ 22ರಲ್ಲಿ 4 ಅಥವಾ ಅದಕ್ಕಿಂತ ಕಡಿಮೆ ಹಾಕುವ ಸಂಭವ ನೂರರಲ್ಲಿ ಏಳೆಂಟು. ಒಂದರ ಮೇಲೆ ಒಂದರ ಪ್ರಭಾವವಿಲ್ಲ ಎಂದು ಭಾವಿಸಿ ಎರಡನ್ನೂ ಗುಣಿಸಿದರೆ, ಎರಡೂ ಒಂದೇ ರಾತ್ರಿ ಕೂಡಿಬರುವ ಸಂಭವ ನೂರರಲ್ಲಿ ಒಂದಕ್ಕಿಂತಲೂ ಕಡಿಮೆಯಾಗುತ್ತದೆ. ಆದ್ದರಿಂದ ಆ ರಾತ್ರಿ ಅಪರೂಪದ್ದೆಂಬುದರಲ್ಲಿ ಸಂಶಯವಿಲ್ಲ. ಎರಡು ದಿನಗಳ ನಂತರ ಅದೇ ಅಂಗಳದಲ್ಲಿ ಯುಎಂಬಿಸಿ ಕಾನ್ಸಾಸ್ ಸ್ಟೇಟ್ ತಂಡದ ಎದುರು 43–50ರಿಂದ ಸೋತು ಹೊರಬಿದ್ದದ್ದೂ ಇದನ್ನೇ ಹೇಳುತ್ತದೆ. ಅಸಾಧಾರಣ ಆಟದ ಬೆನ್ನಿಗೆ ಸಾಧಾರಣ ಆಟ ಬರುವುದನ್ನು ಸಂಖ್ಯಾಶಾಸ್ತ್ರಜ್ಞರು ಸರಾಸರಿಯತ್ತ ಮರಳುವಿಕೆ ಎನ್ನುತ್ತಾರೆ.

ಆದರೆ ಅದೃಷ್ಟ ಒಳಬರಲು ಬಾಗಿಲು ತೆರೆದಿಟ್ಟದ್ದು ವರ್ಜೀನಿಯಾದ ಆಟದ ವಿಧಾನವೇ. ಆ ತಂಡದ ರಕ್ಷಣಾ ತಂತ್ರಕ್ಕೆ ‘ಪ್ಯಾಕ್ ಲೈನ್’ ಎಂದು ಹೆಸರು. ಅದನ್ನು ರೂಪಿಸಿದವರು ಟೋನಿ ಬೆನೆಟ್ ಅವರ ತಂದೆ, ಸ್ವತಃ ಹೆಸರಾಂತ ತರಬೇತುದಾರರಾಗಿದ್ದ ಡಿಕ್ ಬೆನೆಟ್. ಬುಟ್ಟಿಯಿಂದ ಸುಮಾರು 16 ಅಡಿ ದೂರದಲ್ಲಿ, ಮೂರಂಕದ ಗೆರೆಯ ಒಳಗೆ, ಒಂದು ಕಾಲ್ಪನಿಕ ಕಮಾನು ಇದೆಯೆಂದು ಭಾವಿಸಿ, ಚೆಂಡು ಹಿಡಿದವನ ಮೇಲೆ ಒತ್ತಡ ಹೇರುವ ಒಬ್ಬನನ್ನು ಬಿಟ್ಟು ಉಳಿದ ನಾಲ್ವರೂ ಆ ಕಮಾನಿನ ಒಳಗೇ ಒತ್ತಾಗಿ ನಿಲ್ಲುವುದು ಇದರ ಸಾರ. ಎದುರಾಳಿ ಬುಟ್ಟಿಯ ಹತ್ತಿರ ನುಸುಳಲು ದಾರಿಯೇ ಸಿಗದಂತೆ ಮಾಡುವ ಈ ವ್ಯೂಹ, ಅದಕ್ಕೆ ಪ್ರತಿಯಾಗಿ ದೂರದ ಎಸೆತಗಳನ್ನು ಒಂದಿಷ್ಟು ಬಿಟ್ಟುಕೊಡುತ್ತದೆ. ನೂರು ಪಂದ್ಯಗಳ ಮಟ್ಟಿಗೆ ಇದು ಲಾಭದ ವ್ಯವಹಾರ. ದೂರದಿಂದ ಎಸೆದದ್ದೆಲ್ಲ ಒಳಗೆ ಬೀಳುವ ಒಂದು ರಾತ್ರಿಯ ಮಟ್ಟಿಗೆ ಮಾತ್ರ ಭಾರಿ ನಷ್ಟ. ಅಂದು ಲೈಲ್ಸ್ ಚೆಂಡು ಹಿಡಿದು ನೇರವಾಗಿ ಒಳನುಗ್ಗಿದಾಗ ರಕ್ಷಕರು ಇನ್ನಷ್ಟು ಒಳಕ್ಕೆ ಸರಿಯಬೇಕಾಯಿತು, ಹಾಗೆ ಸರಿದಾಗಲೆಲ್ಲ ಗೆರೆಯ ಹೊರಗೆ ಲೈಲ್ಸ್ ಅವರ ಜೊತೆಗಾರರಿಗೆ ಎಸೆಯಲು ಬಿಡುವು ಸಿಕ್ಕಿತು. ಹಾಗಾಗಿ ಆ 12 ಎಸೆತಗಳನ್ನು ಬರೀ ಅದೃಷ್ಟದ ಖಾತೆಗೆ ಬರೆಯುವುದು ಗೆದ್ದವರಿಗೆ ಮಾಡುವ ಅನ್ಯಾಯ.

ಎರಡನೆಯ ಕಾರಣ ಆಟದ ವೇಗ. ಒಂದು ತಂಡ ಚೆಂಡನ್ನು ಕೈಗೆ ತೆಗೆದುಕೊಂಡಲ್ಲಿಂದ ಎಸೆಯುವ ಅಥವಾ ಕಳೆದುಕೊಳ್ಳುವವರೆಗಿನ ಅವಧಿಯನ್ನು ಒಂದು ಸರದಿ ಎನ್ನಬಹುದು. ಕಾಲೇಜು ಪುರುಷರ ಆಟದಲ್ಲಿ ಪ್ರತಿ ಸರದಿಗೆ ‘ಶಾಟ್ ಕ್ಲಾಕ್’ ನೀಡುವ ಗರಿಷ್ಠ ಕಾಲ 30 ಸೆಕೆಂಡು, ಮತ್ತು ದೇಶದ ಅತ್ಯಂತ ನಿಧಾನಗತಿಯ ತಂಡಗಳಲ್ಲೊಂದಾಗಿದ್ದ ವರ್ಜೀನಿಯಾ ಸಾಮಾನ್ಯವಾಗಿ ಈ ಅವಧಿಯ ಬಹುಪಾಲನ್ನು ಬಳಸಿಕೊಂಡೇ ಎಸೆಯುತ್ತಿತ್ತು. ಇದರಿಂದ ಪಂದ್ಯದಲ್ಲಿ ಒಟ್ಟು ಸರದಿಗಳು ಕಡಿಮೆಯಾಗುತ್ತವೆ, ಮತ್ತು ಸರದಿಗಳು ಕಡಿಮೆಯಾದಷ್ಟೂ ಬಲಿಷ್ಠರ ಬಲ ಪ್ರಕಟವಾಗಲು ಅವಕಾಶ ಕಡಿಮೆ. ಕ್ರಿಕೆಟ್ ಬಲ್ಲ ಕನ್ನಡ ಓದುಗರಿಗೆ ಇದು ಹೊಸ ಮಾತಲ್ಲ: ಐದು ದಿನಗಳ ಟೆಸ್ಟ್‌ನಲ್ಲಿ ದುರ್ಬಲ ತಂಡ ಬಲಿಷ್ಠರನ್ನು ಸೋಲಿಸುವುದು ಅಪರೂಪ, ಐವತ್ತು ಓವರ್‌ಗಳಲ್ಲಿ ಆಗಾಗ ಸಾಧ್ಯ, ಇಪ್ಪತ್ತು ಓವರ್‌ಗಳಲ್ಲಿ ಅದು ಸುದ್ದಿಯೂ ಆಗದಷ್ಟು ಸಾಮಾನ್ಯ. ದುರ್ಬಲ ತಂಡಗಳು ಬೇಕೆಂದೇ ಆಟವನ್ನು ನಿಧಾನಗೊಳಿಸುವುದು ಈ ಲೆಕ್ಕದ ಮೇಲೆಯೇ. ಆದರೆ ವರ್ಜೀನಿಯಾ ಬಲಿಷ್ಠ ತಂಡವಾಗಿದ್ದೂ ದುರ್ಬಲರಿಗೆ ಅನುಕೂಲವಾದ ವೇಗದಲ್ಲಿ ಆಡುತ್ತಿತ್ತು ಮತ್ತು ಅದೇ ವೇಗದಿಂದಾಗಿ, ಒಮ್ಮೆ ಹಿಂದೆ ಬಿದ್ದ ಮೇಲೆ ಸರಸರನೆ ಅಂಕ ಗಳಿಸಿ ಚೇತರಿಸಿಕೊಳ್ಳುವ ಅಭ್ಯಾಸವೂ ಅದಕ್ಕೆ ಇರಲಿಲ್ಲ.

ಮೂರನೆಯದು ಗಾಯ. ಬದಲಿ ಆಟಗಾರನಾಗಿ ಇಳಿಯುತ್ತಿದ್ದರೂ ತಂಡದ ಅತ್ಯಂತ ಪ್ರತಿಭಾವಂತ ಎನಿಸಿಕೊಂಡಿದ್ದ ಡಿಆಂಡ್ರೆ ಹಂಟರ್ ಟೂರ್ನಿಗೆ ಕೆಲವೇ ದಿನಗಳಿರುವಾಗ ಮಣಿಕಟ್ಟಿನ ಮೂಳೆ ಮುರಿದುಕೊಂಡು ಹೊರಗುಳಿದಿದ್ದರು. ಇಂಥ ಇನ್ನೊಂದು ಪ್ರಸಂಗ ಮಹಿಳೆಯರ ಟೂರ್ನಿಯಲ್ಲಿ ಅದಕ್ಕೂ ಇಪ್ಪತ್ತು ವರ್ಷ ಮೊದಲೇ ನಡೆದಿತ್ತು: 1998ರ ಮಾರ್ಚ್ 14ರಂದು ಹದಿನಾರನೆಯ ಶ್ರೇಯಾಂಕದ ಹಾರ್ವರ್ಡ್, ಒಂದನೆಯ ಶ್ರೇಯಾಂಕದ ಸ್ಟ್ಯಾನ್‌ಫರ್ಡ್ ತಂಡವನ್ನು ಅದರದೇ ಅಂಗಳದಲ್ಲಿ 71–67ರಿಂದ ಸೋಲಿಸಿತು. ಸ್ಟ್ಯಾನ್‌ಫರ್ಡ್‌ನ ಇಬ್ಬರು ಪ್ರಮುಖ ಆಟಗಾರ್ತಿಯರು ಆಗಷ್ಟೇ ಮೊಣಕಾಲಿನ ಗಾಯಕ್ಕೆ ತುತ್ತಾಗಿದ್ದರು ಎಂಬುದು ನಿಜ. ಹಾರ್ವರ್ಡ್‌ನ ಆಲಿಸನ್ ಫೀಸ್ಟರ್ ಒಬ್ಬರೇ 35 ಅಂಕ ಗಳಿಸಿದರು ಎಂಬುದೂ ಅಷ್ಟೇ ನಿಜ. ಗಾಯವು ಸೋಲಿಗೆ ವಿವರಣೆ ಆಗಬಹುದೇ ಹೊರತು ಗೆಲುವಿನ ಬೆಲೆಯನ್ನು ಇಳಿಸುವ ರಿಯಾಯಿತಿ ಆಗಲಾರದು.

ನೋವಿನ ಅಳತೆ

ಕಾರಣಗಳೆಲ್ಲ ತಿಳಿದ ಮೇಲೂ ನೋವು ಉಳಿಯುತ್ತದೆ, ಮತ್ತು ಅದು ಏಕೆ ಉಳಿಯುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರೂ ಅರ್ಥಶಾಸ್ತ್ರಜ್ಞರೂ ಗಂಭೀರವಾಗಿ ಅಧ್ಯಯನ ಮಾಡಿದ್ದಾರೆ. ಡೇನಿಯಲ್ ಕಾನಮನ್ ಮತ್ತು ಆಮೋಸ್ ಟ್ವರ್ಸ್ಕಿ 1979ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಮನುಷ್ಯರು ಲಾಭ ನಷ್ಟಗಳನ್ನು ಅಳೆಯುವುದು ಶೂನ್ಯದಿಂದಲ್ಲ, ತಾವು ಮನಸ್ಸಿನಲ್ಲಿ ಊರಿಕೊಂಡ ಒಂದು ಆಧಾರಬಿಂದುವಿನಿಂದ. ಮತ್ತು ಒಂದೇ ಪ್ರಮಾಣದ ಲಾಭ ಕೊಡುವ ಸಂತೋಷಕ್ಕಿಂತ ಅದೇ ಪ್ರಮಾಣದ ನಷ್ಟ ಕೊಡುವ ನೋವು ಹೆಚ್ಚು. ಬಲಿಷ್ಠ ತಂಡದ ಅಭಿಮಾನಿಗಳು ಪಂದ್ಯ ಆರಂಭವಾಗುವ ಮೊದಲೇ ಗೆಲುವನ್ನು ತಮ್ಮ ಖಾತೆಗೆ ಜಮಾ ಮಾಡಿಕೊಂಡಿರುತ್ತಾರೆ. ಗೆದ್ದರೆ ಅವರಿಗೆ ಹೊಸದಾಗಿ ಏನೂ ಸಿಗುವುದಿಲ್ಲ. ಸೋತರೆ ತಮ್ಮದಾಗಿದ್ದುದನ್ನೇ ಯಾರೋ ಕಿತ್ತುಕೊಂಡಂತೆ ಆಗುತ್ತದೆ.

ಇದು ಬರಿಯ ಭಾವನೆಯ ಮಾತಾಗಿ ಉಳಿಯುವುದಿಲ್ಲ ಎಂಬುದನ್ನು ತೋರಿಸಿದ ಕಹಿಯಾದ ಅಧ್ಯಯನವೊಂದಿದೆ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಗಾರ್ಡನ್ ಡಾಲ್ 2011ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಪಂದ್ಯಗಳ ಫಲಿತಾಂಶವನ್ನೂ ಆ ದಿನಗಳ ಪೊಲೀಸ್ ದಾಖಲೆಗಳನ್ನೂ ಎದುರುಬದುರಾಗಿಟ್ಟು ನೋಡಿದರು. ಸ್ಥಳೀಯ ತಂಡ ಸುಲಭವಾಗಿ ಗೆಲ್ಲುವ ನಿರೀಕ್ಷೆಯಿದ್ದ ಪಂದ್ಯವನ್ನು ಸೋತ ದಿನಗಳಲ್ಲಿ ಗಂಡಸರು ಮನೆಯಲ್ಲಿ ಹೆಂಡತಿ ಅಥವಾ ಸಂಗಾತಿಯ ಮೇಲೆ ನಡೆಸಿದ ಹಿಂಸೆಯ ಪ್ರಕರಣಗಳು ಸುಮಾರು ನೂರಕ್ಕೆ 10ರಷ್ಟು ಹೆಚ್ಚಿದ್ದವು. ಸಮಬಲದ ಹೋರಾಟವೆಂದು ಮೊದಲೇ ತಿಳಿದಿದ್ದ ಪಂದ್ಯಗಳನ್ನು ಸೋತಾಗ ಅಂಥ ಗಮನಾರ್ಹ ಏರಿಕೆ ಕಾಣಲಿಲ್ಲ. ಸೋಲಿಗಿಂತ ಸೋಲಿನ ಅನಿರೀಕ್ಷಿತತೆಯೇ ಅಪಾಯಕಾರಿ ಎಂಬುದು ಇದರ ತಾತ್ಪರ್ಯ. ಅಭಿಮಾನವನ್ನು ನಿರುಪದ್ರವಿ ಹವ್ಯಾಸವೆಂದೇ ಭಾವಿಸುವವರು ಮನಸ್ಸಿನಲ್ಲಿಡಬೇಕಾದ ಸಂಗತಿ ಇದು.

ಇನ್ನೊಂದು ಅಧ್ಯಯನ ಇದಕ್ಕಿಂತ ಹಳೆಯದು ಮತ್ತು ತುಸು ಹಗುರವಾದದ್ದು. ರಾಬರ್ಟ್ ಚಾಲ್ಡೀನಿ ಮತ್ತು ಅವರ ಸಂಗಡಿಗರು 1976ರಲ್ಲಿ ತೋರಿಸಿದಂತೆ, ಕಾಲೇಜಿನ ಫುಟ್‌ಬಾಲ್ ತಂಡ ಗೆದ್ದ ನಂತರದ ಸೋಮವಾರ ವಿದ್ಯಾರ್ಥಿಗಳು ಕಾಲೇಜಿನ ಹೆಸರಿರುವ ಬಟ್ಟೆಗಳನ್ನು ಹೆಚ್ಚು ಧರಿಸುತ್ತಾರೆ. ಪಂದ್ಯದ ಬಗ್ಗೆ ಹೇಳುವಾಗ ಗೆದ್ದರೆ ‘ನಾವು ಗೆದ್ದೆವು’ ಎಂದೂ, ಸೋತರೆ ‘ಅವರು ಸೋತರು’ ಎಂದೂ ಹೇಳುವ ಒಲವು ಕಾಣುತ್ತದೆ. ಇನ್ನೊಬ್ಬರ ಕೀರ್ತಿಯ ಬಿಸಿಲಿಗೆ ಮೈಯೊಡ್ಡಿ, ಅಪಕೀರ್ತಿ ಬಂದಾಗ ಮೆಲ್ಲನೆ ದೂರ ಸರಿಯುವುದು ಬಹುಪಾಲು ಜನರ ರೀತಿ. ನಿಜವಾದ ಅಭಿಮಾನಿಯ ಕಷ್ಟವಿರುವುದು ಇಲ್ಲಿಯೇ, ಏಕೆಂದರೆ ಹಾಗೆ ದೂರ ಸರಿಯುವ ಸೌಲಭ್ಯ ಅವರಿಗಿಲ್ಲ.

ದೂರ ಸರಿಯಲಾರದವರು ಕೆಲವೊಮ್ಮೆ ಸಿಟ್ಟಿಗೆ ಬಲಿಪಶು ಹುಡುಕುತ್ತಾರೆ. ಕರ್ನಾಟಕದ ರಾಹುಲ್ ದ್ರಾವಿಡ್ ನಾಯಕತ್ವದ ಭಾರತ ತಂಡ 2007ರ ಮಾರ್ಚ್ 17ರಂದು ಪೋರ್ಟ್ ಆಫ್ ಸ್ಪೇನ್‌ನಲ್ಲಿ 191ಕ್ಕೆ ಆಲೌಟಾಗಿ ಬಾಂಗ್ಲಾದೇಶದ ಎದುರು ಐದು ವಿಕೆಟ್‌ಗಳಿಂದ ಸೋತಾಗ ದೇಶದ ಹಲವೆಡೆ ಆಟಗಾರರ ಪ್ರತಿಕೃತಿಗಳನ್ನು ಸುಡಲಾಯಿತು, ರಾಂಚಿಯಲ್ಲಿ ಕಟ್ಟುತ್ತಿದ್ದ ಮಹೇಂದ್ರ ಸಿಂಗ್ ಧೋನಿಯವರ ಮನೆಯ ಮೇಲೆ ದಾಳಿ ನಡೆಯಿತು. ಆ ವಿಶ್ವಕಪ್‌ನಲ್ಲಿ ಗುಂಪಿಗೆ ನಾಲ್ಕೇ ತಂಡಗಳಿದ್ದು, ಪ್ರತಿ ತಂಡಕ್ಕೆ ಮೊದಲ ಹಂತದಲ್ಲಿ ಸಿಗುತ್ತಿದ್ದದ್ದು ಮೂರೇ ಪಂದ್ಯ. ಒಂದು ಕೆಟ್ಟ ದಿನವೇ ಮನೆಗೆ ಕಳಿಸಲು ಸಾಕಾಗುವಂಥ ಏರ್ಪಾಡು ಅದಾಗಿತ್ತು ಎಂಬುದನ್ನು ಆಗ ಯೋಚಿಸಿದವರು ಕಡಿಮೆ. ವರ್ಜೀನಿಯಾದ ಆಟಗಾರರಿಗೂ ಸೋಲಿನ ನಂತರ ಬೆದರಿಕೆಯ ಸಂದೇಶಗಳು ಬಂದವು. ಅವರಲ್ಲೊಬ್ಬರಾದ ಕೈಲ್ ಗೈ ತಮಗೆ ತಾವೇ ಬರೆದುಕೊಂಡ ಪತ್ರವೊಂದನ್ನು ಕೆಲವು ವಾರಗಳ ನಂತರ ಸಾರ್ವಜನಿಕವಾಗಿ ಹಂಚಿಕೊಂಡು, ತಾವು ಅನುಭವಿಸುತ್ತಿದ್ದ ಆತಂಕದ ತೊಂದರೆಯನ್ನು ಮುಚ್ಚಿಡದೆ ಹೇಳಿದರು. ಯುಎಂಬಿಸಿ ಆಟಗಾರರು ಸಂಭ್ರಮಿಸುತ್ತಿರುವಾಗ ತಾವು ಮೊಣಕಾಲಿನ ಮೇಲೆ ಕೈಯೂರಿ ಬಾಗಿ ನಿಂತಿರುವ ಚಿತ್ರವನ್ನು ಅವರು ತಮ್ಮ ಫೋನಿನ ಪರದೆಯ ಮೇಲೆ ಹಾಕಿಕೊಂಡರು. ಆಗ ಅವರು ಇನ್ನೂ ಓದುತ್ತಿದ್ದ ಕಾಲೇಜು ವಿದ್ಯಾರ್ಥಿ.

ಪ್ರಾಯಶ್ಚಿತ್ತದ ಕಥೆ ಮತ್ತು ಅದರ ಮಿತಿ

ಮುಂದಿನ ವರ್ಷ ನಡೆದದ್ದು ಪುರಾಣಕಾರರೂ ಕಟ್ಟಲು ಹಿಂಜರಿಯುವಂಥ ಕಥೆ. 2019ರಲ್ಲಿ ಮತ್ತೆ ಒಂದನೆಯ ಶ್ರೇಯಾಂಕ ಪಡೆದ ವರ್ಜೀನಿಯಾ ಮೊದಲ ಸುತ್ತಿನಲ್ಲಿ ಹದಿನಾರನೆಯ ಶ್ರೇಯಾಂಕದ ಗಾರ್ಡ್ನರ್ ವೆಬ್ ಎದುರು ಮೊದಲಾರ್ಧದಲ್ಲಿ 14 ಅಂಕಗಳಷ್ಟು ಹಿಂದೆ ಬಿದ್ದಾಗ ಅಭಿಮಾನಿಗಳ ಎದೆ ಒಡೆದಿರಬೇಕು. ಆದರೆ ತಂಡ ಚೇತರಿಸಿಕೊಂಡು 71–56ರಿಂದ ಗೆದ್ದಿತು. ಪರ್ಡ್ಯೂ ವಿರುದ್ಧ ಮಮಾಡಿ ಡಿಯಾಕಿಟೆ ಕಾಲಾವಧಿ ಮುಗಿಯುವ ಕ್ಷಣದಲ್ಲಿ ಹಾಕಿದ ಬುಟ್ಟಿಯಿಂದ ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿ 80–75ರಿಂದ ಕೈಗೆ ಬಂದಿತು; ಸೆಮಿಫೈನಲ್‌ನಲ್ಲಿ ಆಬರ್ನ್ ಎದುರು 0.6 ಸೆಕೆಂಡು ಉಳಿದಿರುವಾಗ ಸಿಕ್ಕ ಮೂರು ಫ್ರೀ ಥ್ರೋಗಳನ್ನು, ಅಂದರೆ ಫೌಲ್‌ಗೆ ಪರಿಹಾರವಾಗಿ ಯಾರ ಅಡ್ಡಿಯೂ ಇಲ್ಲದೆ ಎಸೆಯಲು ಸಿಗುವ ಅವಕಾಶಗಳನ್ನು, ಅದೇ ಕೈಲ್ ಗೈ ಒಂದೊಂದಾಗಿ ಬುಟ್ಟಿಗೆ ಹಾಕಿ 63–62ರ ಗೆಲುವು ತಂದರು. ಏಪ್ರಿಲ್ 8ರಂದು ಮಿನಿಯಾಪೊಲಿಸ್‌ನಲ್ಲಿ ನಡೆದ ಫೈನಲ್‌ನಲ್ಲಿ ಟೆಕ್ಸಸ್ ಟೆಕ್ ತಂಡವನ್ನು ಹೆಚ್ಚುವರಿ ಅವಧಿಯಲ್ಲಿ 85–77ರಿಂದ ಸೋಲಿಸಿ ವರ್ಜೀನಿಯಾ ಮೊದಲ ಬಾರಿಗೆ ರಾಷ್ಟ್ರೀಯ ಚಾಂಪಿಯನ್ ಆಯಿತು; ಹಿಂದಿನ ವರ್ಷ ಮಣಿಕಟ್ಟು ಮುರಿದುಕೊಂಡು ಕುಳಿತಿದ್ದ ಹಂಟರ್ ಆ ಪಂದ್ಯದಲ್ಲಿ 27 ಅಂಕ ಗಳಿಸಿದರು.

ಇದನ್ನು ಕೇಳಿದ ಯಾರಿಗಾದರೂ ಸೋಲೇ ಗೆಲುವಿನ ಸೋಪಾನ ಎಂಬ ನೀತಿವಾಕ್ಯ ತಟ್ಟನೆ ನೆನಪಾಗುತ್ತದೆ. ಆದರೆ ಸೋಲಿನ ಬಗ್ಗೆ ಗಂಭೀರವಾಗಿ ಯೋಚಿಸುವವರು ಇಲ್ಲಿ ತುಸು ನಿಲ್ಲಬೇಕು. ಪರ್ಡ್ಯೂ ಪಂದ್ಯದಲ್ಲಿ ಒಂದು ಎಸೆತ, ಆಬರ್ನ್ ಪಂದ್ಯದಲ್ಲಿ ಒಂದು ಫ್ರೀ ಥ್ರೋ ತಪ್ಪಿದ್ದರೂ ಅದೇ ತಂಡ, ಅದೇ ಪಾಠ, ಅದೇ ಪರಿಶ್ರಮ ಇದ್ದೂ ಪ್ರಾಯಶ್ಚಿತ್ತದ ಕಥೆ ಹುಟ್ಟುತ್ತಲೇ ಇರಲಿಲ್ಲ. 2018ರಲ್ಲಿ ತಂಡವನ್ನು ಕೆಡವಿದ ಆಕಸ್ಮಿಕವೇ 2019ರಲ್ಲಿ ಅದನ್ನು ಎತ್ತಿ ಹಿಡಿಯಿತು. ಒಂದನ್ನು ದುರದೃಷ್ಟವೆಂದು ಕರೆದು ಇನ್ನೊಂದನ್ನು ಪುರುಷಪ್ರಯತ್ನವೆಂದು ಹೊಗಳುವುದು ನ್ಯಾಯದ ತಕ್ಕಡಿಯಲ್ಲ. ಚಾಂಪಿಯನ್ ಆದ ನಂತರ ಟೋನಿ ಬೆನೆಟ್ ಅವರ ತಂಡ ಎನ್‌ಸಿಎಎ ಟೂರ್ನಿಯಲ್ಲಿ ಇನ್ನೊಂದು ಪಂದ್ಯವನ್ನೂ ಗೆಲ್ಲಲಿಲ್ಲ: 2021ರಲ್ಲಿ ನಾಲ್ಕನೆಯ ಶ್ರೇಯಾಂಕ ಪಡೆದು ಹದಿಮೂರನೆಯ ಶ್ರೇಯಾಂಕದ ಒಹಾಯೊ ಎದುರು, 2023ರಲ್ಲಿ ಅದೇ ರೀತಿ ಫರ್ಮನ್ ಎದುರು ಒಂದೇ ಅಂಕದಿಂದ, 2024ರಲ್ಲಿ ಕೊಲರಾಡೊ ಸ್ಟೇಟ್ ಎದುರು 42–67ರಿಂದ ಸೋತಿತು. ಪಾಠವೊಂದು ಕಲಿತ ಮೇಲೆ ಶಾಶ್ವತವಾಗಿ ಉಳಿಯುತ್ತದೆ ಎಂಬ ನಂಬಿಕೆಗೆ ಈ ಲೆಕ್ಕದಲ್ಲಿ ಆಧಾರವಿಲ್ಲ.

ಪಾಠ ಬೇಗನೆ ಮರೆತುಹೋಗುತ್ತದೆ ಎಂಬುದಕ್ಕೆ ಇದೇ ವಿಶ್ವವಿದ್ಯಾಲಯದ ಹಳೆಯ ಚರಿತ್ರೆಯೂ ಸಾಕ್ಷಿ. 1982ರ ಡಿಸೆಂಬರ್‌ನಲ್ಲಿ, 7 ಅಡಿ 4 ಅಂಗುಲ ಎತ್ತರದ ರಾಲ್ಫ್ ಸ್ಯಾಂಪ್ಸನ್ ಇದ್ದ, ಆಗಲೂ ದೇಶದ ಅಗ್ರಸ್ಥಾನದಲ್ಲಿದ್ದ ವರ್ಜೀನಿಯಾ ತಂಡವನ್ನು ಹವಾಯಿಯ ಚಾಮಿನಾಡ್ ಎಂಬ ಪುಟ್ಟ ಕಾಲೇಜು 77–72ರಿಂದ ಸೋಲಿಸಿತ್ತು. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಎರಡು ಅತಿ ದೊಡ್ಡ ಅಚ್ಚರಿಗಳಲ್ಲಿ ಸೋತ ತಂಡ ಒಂದೇ. 2018ರ ದಾಖಲೆಯೂ ಒಂಟಿಯಾಗಿ ಉಳಿಯಲಿಲ್ಲ. 2023ರ ಮಾರ್ಚ್ 17ರಂದು, ಎನ್‌ಸಿಎಎಯ ಮೇಲಿನ ಶ್ರೇಣಿಯಲ್ಲೇ ಅತಿ ಕಡಿಮೆ ಸರಾಸರಿ ಎತ್ತರವಿದ್ದ ಫೇರ್ಲಿ ಡಿಕಿನ್ಸನ್ ತಂಡ, 7 ಅಡಿ 4 ಅಂಗುಲದ ಜ್ಯಾಕ್ ಈಡಿ ಇದ್ದ ಪರ್ಡ್ಯೂವನ್ನು 63–58ರಿಂದ ಮಣಿಸಿತು. ಅದರ ಹಿಂದಿನ ಋತುವಿನಲ್ಲಿ ಫೇರ್ಲಿ ಡಿಕಿನ್ಸನ್ ಗೆದ್ದದ್ದು ಕೇವಲ ನಾಲ್ಕು ಪಂದ್ಯ. ಪರ್ಡ್ಯೂ ಮರುವರ್ಷ ಫೈನಲ್‌ವರೆಗೆ ಹೋಯಿತಾದರೂ ಅಲ್ಲಿ ಕನೆಕ್ಟಿಕಟ್ ಎದುರು ಸೋತಿತು.

ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಅಭಿಮಾನಿಗಳಿಗೆ ದಕ್ಕುವ ತೀರ್ಮಾನ ಸರಳವಾದದ್ದು, ಆಚರಣೆಯಲ್ಲಿ ಮಾತ್ರ ಕಠಿಣವಾದದ್ದು. ಶ್ರೇಯಾಂಕವು ಹಿಂದಿನ ಆಟದ ದಾಖಲೆಯೇ ಹೊರತು ಮುಂದಿನ ಆಟದ ಒಪ್ಪಂದವಲ್ಲ. ತಮ್ಮ ತಂಡ ಸೋತಾಗ ತಮ್ಮವರ ತಪ್ಪು, ಎದುರಾಳಿಯ ಜಾಣ್ಮೆ ಮತ್ತು ಆ ದಿನದ ಅದೃಷ್ಟ ಎಂಬ ಮೂರನ್ನೂ ಬೇರೆಬೇರೆ ಕಾಲಂನಲ್ಲಿ ಬರೆಯಲು ಬಾರದವರು ಗೆದ್ದಾಗಲೂ ತಮ್ಮ ಗೆಲುವನ್ನು ತಪ್ಪಾಗಿಯೇ ಅರ್ಥಮಾಡಿಕೊಳ್ಳುತ್ತಾರೆ. ದುರ್ಬಲರು ಎಂದು ಕರೆದ ತಕ್ಷಣ ಅವರಿಗೊಂದು ತರಬೇತಿ, ಒಂದು ಯೋಜನೆ, ವರ್ಷಗಳ ದುಡಿಮೆ ಇದೆ ಎಂಬುದು ಕಣ್ಣಿಗೆ ಬೀಳದಾಗುತ್ತದೆ. ಯುಎಂಬಿಸಿಯ ಆ ಗೆಲುವಿನ ಹಿಂದಿದ್ದ ತರಬೇತುದಾರ ರಯಾನ್ ಓಡಮ್. ಅವರ ತಂದೆ ಡೇವ್ ಓಡಮ್ 1980ರ ದಶಕದಲ್ಲಿ ವರ್ಜೀನಿಯಾದ ಸಹಾಯಕ ತರಬೇತುದಾರರಾಗಿದ್ದರು ಮತ್ತು ಹುಡುಗನಾಗಿದ್ದಾಗ ರಯಾನ್ ಅದೇ ತಂಡದ ಪಂದ್ಯಗಳಲ್ಲಿ ಚೆಂಡು ಎತ್ತಿಕೊಡುವ ಬಾಲ್ ಬಾಯ್ ಆಗಿ ಕೆಲಸ ಮಾಡಿದ್ದರು. ಟೋನಿ ಬೆನೆಟ್ 2024ರ ಅಕ್ಟೋಬರ್‌ನಲ್ಲಿ ನಿವೃತ್ತರಾದ ಬಳಿಕ, 2025ರ ಮಾರ್ಚ್‌ನಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯ ತನ್ನ ಮುಖ್ಯ ತರಬೇತುದಾರರನ್ನಾಗಿ ನೇಮಿಸಿಕೊಂಡದ್ದು ರಯಾನ್ ಓಡಮ್ ಅವರನ್ನೇ.